ಹನ್ನೆರಡನೇ ಸಾಲು

ಹಾಳೆಯಲ್ಲಿ ಹನ್ನೆರಡು ಸಾಲು, ಹನ್ನೊಂದು ತುಂಬಿದೆ.
ಕಮಿಟಿಯವರು ಚಾ ಕುಡಿದು ಬರುತ್ತೇವೆಂದು ಹೋಗಿ
ಮುಕ್ಕಾಲು ಗಂಟೆ. ಪೆನ್ನಿನ ಮುಚ್ಚಳ
ಹಲ್ಲಿನಲ್ಲಿ ಕಚ್ಚಿ ಕೂತಿದ್ದೇನೆ.

ನಾನು ಸ್ಕೋರು ಬರೆಯುವವನು. ಇಪ್ಪತ್ತಾರು ವರ್ಷ
ಈ ಸಿಮೆಂಟು ಕೋರ್ಟಿನ ಬದಿಗೆ, ಒಂದು ಕಾಲು ಕುಂಟುವ ಮೇಜು.
ಯಾರ ಬ್ಯಾಸ್ಕೆಟ್ಟು, ಯಾರ ಫೌಲು, ಎಷ್ಟನೇ ನಿಮಿಷ.
ಚೆಂಡು ನನ್ನ ಕಡೆ ಉರುಳಿ ಬಂದರೆ
ಕಾಲಿನಲ್ಲಿ ತಳ್ಳುತ್ತೇನೆ, ಅಷ್ಟೆ.

ಜಬೀವುಲ್ಲಾ. ಹತ್ತೊಂಬತ್ತು ವಯಸ್ಸು, ಜರ್ಸಿ ಹದಿನಾಲ್ಕು.
ಆರು ನಿಮಿಷ ಇಳಿಸಿದರೆ ಒಂಬತ್ತು ಪಾಯಿಂಟು.
ಅದೇ ಆರು ನಿಮಿಷದಲ್ಲಿ
ಅವನು ಕಾಯಬೇಕಾದವನು ಹನ್ನೊಂದು ಹೊಡೆದಿರುತ್ತಾನೆ.
ಎರಡೂ ನಾನೇ ಬರೆದದ್ದು, ಒಂದೇ ಶಾಯಿ.
ಗೋಡೆ ಮೇಲೆ ಕೂತ ಹುಡುಗರಿಗೆ ಒಂಬತ್ತು ಬಾಯಿಪಾಠ,
ಕಮಿಟಿಗೆ ಹನ್ನೊಂದು.

ಹುಬ್ಬಳ್ಳಿಯಿಂದ ಒಬ್ಬರು ಬರಲು ತಯಾರಿದ್ದಾರೆ,
ರೈಲ್ವೆಯವರು, ಮೂವತ್ಮೂರು, ಮೊಣಕಾಲಿಗೆ ಪಟ್ಟಿ.
ಹೊಡೆಯುವುದಿಲ್ಲ, ಹೊಡೆಯಲು ಬಿಡುವುದೂ ಇಲ್ಲ.
ಬಸ್ ಚಾರ್ಜು ಕೊಟ್ಟರೆ ಸಾಕಂತೆ.

'ಹುಡುಗ ಬೆಳೀತಾನೆ ಅಂತೀರಿ,
ಬೆಳೆಯೋತನಕ ಸೋಲೋರು ಯಾರು?' ಕೋಚ್ ಓಬಳೇಶ್ ಕೇಳಿದ್ದು.
ತಪ್ಪೇನಿಲ್ಲ. ಸೋತ ದಿನ ಬೈಸಿಕೊಳ್ಳುವವರು ಅವರೇ.
ಖಜಾಂಚಿ ಮಾತ್ರ ಮಂಡಕ್ಕಿಯ ಹೋಲಿಕೆ ತಂದರು:
ಉಸುಕು ಕಾಯಬೇಕು, ಆಮೇಲೆ ತಾನೇ ಅರಳುತ್ತೆ.
ಭಟ್ಟಿಯಲ್ಲೇ ಹುಟ್ಟಿ ಬೆಳೆದ ಹುಡುಗ
ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದ.
'ಅರಳದೇ ಇದ್ದದ್ದು ಕೋಳಿಗೆ ಹಾಕ್ತೀವಿ ಸಾರ್' ಅಂದ,
ನಗಲೂ ಇಲ್ಲ.

ಅವನು ಕೂರುವ ಬೆಂಚಿನ ಕಥೆ ಅವನಿಗೆ ಗೊತ್ತಿಲ್ಲ.
ಹತ್ತಿ ಗಿರಣಿ ಮುಚ್ಚಿದಾಗ ಹರಾಜಿನಲ್ಲಿ ಬಂದದ್ದು,
ಸಾಗುವಾನಿ, ನಡುವೆ ಸವೆದು ದೋಣಿಯ ಹಾಗೆ.
ಬದಲಿಗಳು ಕೂರುತ್ತಿದ್ದ ಬೆಂಚು ಅದು.
ಪಾಳಿಗೆ ಯಾರಾದರೂ ಬಾರದಿದ್ದರೆ ಇವರಿಗೆ ಕೂಲಿ,
ಎಲ್ಲರೂ ಬಂದರೆ ಬುತ್ತಿ ಬಿಚ್ಚದೆ ಮನೆಗೆ.
ನಮ್ಮಪ್ಪ ಏಳು ವರ್ಷ ಬದಲಿ.
ಇನ್ನೊಬ್ಬರ ಜ್ವರಕ್ಕಾಗಿ ಕಾದು ಕೂರುವುದು
ಪಾಪವೋ ಅಲ್ಲವೋ ಎಂದು ಅವ್ವನನ್ನು ಕೇಳುತ್ತಿದ್ದ.
ಎಂಟನೇ ವರ್ಷ ಖಾಯಂ ಆಯಿತು, ಪೇಡೆ ಹಂಚಿದ.
ಒಂಬತ್ತನೇ ವರ್ಷ ಗಿರಣಿಗೆ ಬೀಗ.

ಇದರಿಂದ ಏನು ತಿಳಿಯಬೇಕೋ ನನಗೆ ಗೊತ್ತಾಗಿಲ್ಲ.
ಕಾಯಿಸಬಾರದು ಎಂದೋ,
ಕಾದದ್ದಕ್ಕೆ ಆ ಒಂದು ವರ್ಷವಾದರೂ ಸಿಕ್ಕಿತು ಎಂದೋ.

ಹೊರಗೆ ಕತ್ತಲು. ದೀಪದ ಬಿಲ್ಲು ಕಟ್ಟಿಲ್ಲ.
ಅವನು ಇನ್ನೂ ಹೋಗಿಲ್ಲ, ಚೆಂಡಿನ ಸದ್ದು.
ರಿಂಗಿನ ಬಲೆ ಹರಿದು ಹೋಗಿ ಎರಡು ತಿಂಗಳು,
ಠಣ್ ಅಂದರೆ ತಪ್ಪಿತು,
ಬರೀ ನೆಲದ ಸದ್ದಾದರೆ ಬಿತ್ತು.
ಅಭ್ಯಾಸ ಬಲ, ಎಣಿಸುತ್ತೇನೆ:
ನೆಲ, ನೆಲ, ಠಣ್, ನೆಲ, ನೆಲ, ನೆಲ.
ಆಮೇಲೆ ಹೊಳೆಯಿತು: ರಿಂಗನ್ನೇ ಮುಟ್ಟದೆ ಹೋದರೂ
ನೆಲದ ಸದ್ದೇ. ಕತ್ತಲಲ್ಲಿ
ಅಪ್ಪಟ ಹೊಡೆತಕ್ಕೂ ಅಡ್ಡಾದಿಡ್ಡಿಗೂ ಒಂದೇ ಲೆಕ್ಕ.

ಕಿಟಕಿಯಿಂದ ಕೂಗಿದೆ: 'ಈಗಿಂದು ಬಿತ್ತೇನೋ?'
ಸ್ವಲ್ಪ ತಡೆದು ಬಂತು ಉತ್ತರ,
'ಇಲ್ಲ ಸಾರ್. ಮುಟ್ಟಲೇ ಇಲ್ಲ.'

ಮುಚ್ಚಳ ಉಗಿದೆ.
ಜ ಬರೆದೆ, ಬೀ ಬರೆದೆ,
ವು ಮುಗಿಸುವಷ್ಟರಲ್ಲಿ
ಗೇಟಿನ ಹತ್ತಿರ ಬೈಕುಗಳು ನಿಂತವು.