ಕೊನೆಯ ಕೊಡ

ಚರ್ಮದ ಡಾಕ್ಟರು ಮೊಣಕೈ ಮಡಿಕೆ ನೋಡಿ
ಚೀಟಿ ಬರೆಯುವ ಮೊದಲು ಕೇಳಿದ್ದು,
"ನೀವು ಮಲಗುವ ಕೋಣೆ ಹೇಗಿದೆ?"
ಯಾರೂ ಕೇಳದ ಪ್ರಶ್ನೆ. ನಾಚಿಕೆಯಾಯಿತು.
ಹತ್ತಡಿ, ಎಂಟಡಿ, ಎಂದೆ.

ಅಷ್ಟೇ ಅಲ್ಲವಲ್ಲ.
ಕೋಡಿಬಾಗದ ಈ ಬಾಡಿಗೆ ಮನೆಯಲ್ಲಿ
ಪಡುವಣ ಗೋಡೆ ವರ್ಷವಿಡೀ ಬೆವರುತ್ತದೆ,
ಸುಣ್ಣ ಹಕ್ಕಳೆಯೆದ್ದು ಉದುರುತ್ತದೆ,
ಅದಕ್ಕೂ ನನ್ನದೇ ಕಾಯಿಲೆ ಎಂದು ನಕ್ಕಿದ್ದುಂಟು.
ಮಂಚದಡಿ ರೋಹಿದಾಸನ ಹರಕು ಬಲೆ,
ಟ್ರಂಕಿನಲ್ಲಿ ನುಸಿಗುಳಿಗೆ,
ಮೂಲೆಯಲ್ಲಿ ಸೊಳ್ಳೆಬತ್ತಿಯ ಬೂದಿ,
ಸುರುಳಿ ಸುರುಳಿಯಾಗಿಯೇ ಬಿದ್ದದ್ದು,
ಮದುವೆಗೆ ಯಾರೋ ಕೊಟ್ಟ ಹುಲಿ ಚಿತ್ರದ ಕಂಬಳಿ.
ನನ್ನ ಚರ್ಮವೋ, ಹಳ್ಳಿಯ ಹಳೇ ಪೋಸ್ಟ್‌ಮಾಸ್ತರ:
ಯಾರ ಲಕೋಟೆಯನ್ನೂ ಒಡೆದು ಓದದೆ ಬಿಡುವವನಲ್ಲ.

"ಒಂದೊಂದೇ ಹೊರಗೆ ಹಾಕಿ ನೋಡಿ."
ಮೊದಲು ಹುಲಿ ಹೊರಬಿತ್ತು.
ಆಮೇಲೆ ಬತ್ತಿ, ಗುಳಿಗೆ, ಬಲೆ.
ಅಮ್ಮ ತುಂಬಿಕೊಟ್ಟ ಬೂರುಗದ ದಿಂಬು ಮಾತ್ರ
ಎರಡು ದಿನ ಬಾಗಿಲ ಬಳಿ ಕಾದಿತ್ತು.
ಹೊಲಿಗೆ ಬಿಚ್ಚಿದೆ.
ಹತ್ತಿಯೆಲ್ಲ ಹಿಟ್ಟು. ನಡುವೆ
ಒಂದೇ ಒಂದು ಕರಿ ಬೀಜ.

ಮಾಜಾಳಿಯಿಂದ ಬಂದ ಅತ್ತೆ ಖಾಲಿ ಕೋಣೆ ನೋಡಿ,
"ಮೀನಬುಟ್ಟಿಗೆ ತಲೆಕೊಟ್ಟು ಮಲಗಿದವರು ನಾವು,
ಚರ್ಮ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ" ಅಂದರು.
ಆ ಮಾತಿಗೂ ಸ್ವಲ್ಪ ತುರಿಸಿತು.

ಉಳಿದದ್ದು ಚಾದರ.
ಎಪ್ರಿಲ್ ಬಂತೆಂದರೆ ಕಾಳಿ ಹೊಳೆಯ ಬಾಯಿಂದ
ಸಮುದ್ರ ನಮ್ಮ ಬಾವಿಗೇ ಬರುತ್ತದೆ.
ಆ ನೀರಲ್ಲಿ ಒಗೆದದ್ದು
ಮಧ್ಯಾಹ್ನ ಹಪ್ಪಳ, ನಡುರಾತ್ರಿ ಒದ್ದೆ.
ಉಪ್ಪಿಗೆ ನೀರಿನ ನೆನಪು ಹೋಗುವುದಿಲ್ಲ;
ಗಾಳಿಯಲ್ಲಿ ಅಲೆಯುವ ತೇವವನ್ನೂ ಕರೆಕರೆದು
ನನ್ನ ಬೆನ್ನಡಿ ಮಲಗಿಸಿಕೊಳ್ಳುತ್ತದೆ.
ಹಾಗಾಗಿ ಕೊನೇ ಜಾಲಿಸುವುದಕ್ಕೆ ನಲ್ಲಿಯ ಸಿಹಿನೀರು.
ದಿನ ಬಿಟ್ಟು ದಿನ, ನಸುಕಿನ ನಾಲ್ಕಕ್ಕೆ ಸರದಿ,
ಮನೆಗೆ ಎರಡು ಕೊಡ:
ಒಂದು ಗಂಟಲಿಗೆ, ಒಂದು ಚಾದರಕ್ಕೆ.

ಒಂದು ರಾತ್ರಿ ಬೈತಖೋಲದಿಂದ ಬಂದ ರೋಹಿದಾಸ
ಹೊಸ್ತಿಲಲ್ಲೇ ನಿಂತ.
ಎದೆಯ ಮೇಲೆ ಒಣಗಿದ ಕಡಲು, ಅಂಗಿಗೆ ಡೀಸೆಲ್,
ಮುಂಗೈ ಕೂದಲಲ್ಲಿ ಬಂಗಡೆಯ ಹುರುಪೆ
ಮಿಣಮಿಣ.
"ಪಟ್ಟಿಯಲ್ಲಿ ನಾನೂ ಇದ್ದೇನಾ?"
ಡಾಕ್ಟರು ಕೇಳಿರಲಿಲ್ಲ.
ನಾನೂ ಹೇಳಿರಲಿಲ್ಲ.
ಅವನು ಚಾಪೆ ಎತ್ತಿಕೊಂಡು ಜಗಲಿಗೆ ಹೋದ.

ಸುಳ್ಳು ಹೇಳಬಾರದು: ಒಂಬತ್ತು ರಾತ್ರಿಗೆ
ಮೊಣಕೈ ತಣ್ಣಗಾಯಿತು.
ಕುತ್ತಿಗೆಯ ಕೆಂಪು ಇಳಿಯಿತು.
ಬೆಳಿಗ್ಗೆ ಚಹಾ ಕೊಡುವಾಗ ಅವನು
ನನ್ನ ತೋಳನ್ನೇ ನೋಡುತ್ತಿದ್ದ,
ಬೇರೆಯವರ ಬೋಟಿಗೆ ಒಳ್ಳೆಯ ಮೀನು ಸಿಕ್ಕಾಗ ನೋಡುವ ಹಾಗೆ.
"ವಾಸಿಯಾಗ್ತಾ ಇದೆ" ಅಂದ.
ಹೌದು ಅಂದೆ. ಲೋಟ ತೊಳೆದೆ,
ತೊಳೆದದ್ದನ್ನೇ ತೊಳೆದೆ.

ಹತ್ತನೆಯ ದಿನ ನಲ್ಲಿ ಬರಲಿಲ್ಲ.
ಬಕೆಟ್ಟಿನಲ್ಲಿ ಚಾದರ ಕೊನೆಯ ನೀರಿಗೆ ಕಾದಿತ್ತು.
ಉಳಿದದ್ದು ಒಂದು ಕೊಡ.
ಅವನು ಹಿತ್ತಲಲ್ಲಿ, ಬಾವಿಯ ನೀರನ್ನೇ ಮೈಗೆ ಸುರಿದುಕೊಂಡು
ಉಪ್ಪಿನಿಂದ ಉಪ್ಪು ತೊಳೆಯುತ್ತಿದ್ದ.
ಕೊಡ ಸೊಂಟಕ್ಕೇರಿಸಿ ಹೋದೆ.
"ಹುಚ್ಚು ಹಿಡಿಯಿತಾ? ಚಾದರಕ್ಕೆ?" ಅಂದ.
ಕೂರು ಅಂದೆ.
ನೆತ್ತಿಯಿಂದ ನಿಧಾನ ಹೊಯ್ದೆ,
ಕಿವಿಯ ಹಿಂದೆ, ಕಂಕುಳಲ್ಲಿ, ಬೆನ್ನಿನ ಹಳ್ಳದಲ್ಲಿ.
ಹುರುಪೆಗಳು ಒಂದೊಂದೇ ಕಲ್ಲಿಗೆ ಇಳಿದವು.
ಕೊಡ ಇಷ್ಟು ಬೇಗ ಮುಗಿಯುತ್ತದೆಂದು
ಚಾದರ ಜಾಲಿಸುವಾಗ ಎಂದೂ ಅನಿಸಿರಲಿಲ್ಲ.

ಆ ರಾತ್ರಿ ಚಾದರವಿಲ್ಲ.
ಬರಿಯ ನೆಲ, ಅವನ ಹಳೇ ಲುಂಗಿ ಎರಡು ಮಡಿಕೆ.
ಎರಡು ಗಂಟೆಗೆ ಮೊಣಕಾಲ ಹಿಂದೆ ಶುರುವಾಯಿತು,
ಇರುವೆ ದಾರಿ ಕೇಳಿಕೊಂಡು ಬಂದ ಹಾಗೆ.
ಅವನು ನಿದ್ದೆಯಲ್ಲೇ ನನ್ನ ಕೈ ಹಿಡಿದ.
ಪ್ರೀತಿಗೋ, ತುರಿಸದಿರಲೆಂದೋ, ಕೇಳಲಿಲ್ಲ.
ಹಗ್ಗ ಎಳೆದೆಳೆದು ಗರಗಸವಾದ ಬೆರಳು.
ಎಚ್ಚರವಾಗದ ಹಾಗೆ ಮೆಲ್ಲನೆ
ಆ ಕೈಯನ್ನೇ ಮೊಣಕಾಲಿನವರೆಗೆ ಎಳೆದುಕೊಂಡು
ಸ್ವಲ್ಪ, ಸ್ವಲ್ಪವೇ,
ತುರಿಸಿಕೊಂಡೆ.