ಒಂದೇ ಹಗ್ಗ

ವಾಲ್ಪರೈಸೋದ ಗುಡ್ಡದ ಬಂಡಿಯನ್ನು
ಇಪ್ಪತ್ತೆರಡು ವರ್ಷ ಏರಿಸಿ ಇಳಿಸಿದ ಎದೆಲ್ಮೀರಾ
ಐದನೇ ವಾರ ಹೇಳಿದಳು:
ಸೊಂಟನೋವು ಇನ್ನೂ ಇದೆ. ಆದರೆ
ಕೂಗುವುದಿಲ್ಲ, ಗೊಣಗುತ್ತದೆ.

ಬೆಳಗಿನ ಬ್ರೆಡ್ಡಿನ ಜೊತೆ ಒಂದು ಕ್ಯಾಪ್ಸೂಲು,
ಒಡೆಯದೆ, ಅಗಿಯದೆ.
ಮನಸ್ಸಿಗೋ ಬೆನ್ನಿಗೋ ಎಂದರೆ
ಔಷಧದಂಗಡಿಯ ಎಲಿಸೆಯೋ ನಗುತ್ತಾನೆ:
ಒಂದೇ ಹಗ್ಗವಲ್ಲವೇ, ಎರಡೂ ಬಂಡಿ ಎಳೆಯುವುದು?

ಆಗಸ್ಟಿನಲ್ಲಿ ಹಾಯೆನಿಸಿತು, ಬಿಟ್ಟಳು.
ಎರಡನೇ ದಿನ ತಲೆಯೊಳಗೆ
ಸಡಿಲ ಪ್ಲಗ್ಗಿನ ಚಟಚಟ,
ಬಂದರಿನ ದೀಪಗಳೆಲ್ಲ ಓರೆ.

'ಬಿಡೋಣವಂತೆ' ಎಂದರು ಡಾಕ್ಟರಮ್ಮ,
'ತಿಂಗಳುಗಟ್ಟಲೆ, ಚೂರುಚೂರೇ.'
ಇದಕ್ಕೆ ಪಾಠ ಬೇಕೆ?
ಇಳಿಜಾರಿನಲ್ಲಿ ಬ್ರೇಕು ಸಡಿಲಿಸುವ ಕೈ ಅದು.

ಸೆಪ್ಟೆಂಬರಿನ ಹಬ್ಬಕ್ಕೆ ಎಲ್ಲರೂ ಲೋಟ ಎತ್ತಿದಾಗ
ತನ್ನದನ್ನು ಮೆಲ್ಲಗೆ ಮಗ್ಗುಲಿನವನದಕ್ಕೆ ಸುರಿದು,
ಕರವಸ್ತ್ರ ಬೀಸುತ್ತ
ಅರ್ಧ ಕುಣಿತ ಕುಣಿದು
ಕೂತಳು.