ಚಾಳೀಸು

ಲೆಂಬೆ ಜಲಸಂಧಿಯ ತಳ ಕಪ್ಪು ಮರಳು.
ಜ್ವಾಲಾಮುಖಿ ಉಗುಳಿದ್ದು, ಊರು ಬಿಸಾಡಿದ್ದು
ಒಂದೇ ಚಾಪೆಯ ಮೇಲೆ ಮಲಗಿವೆ:
ಬಾಟಲಿ, ಒಂಟಿ ಚಪ್ಪಲಿ,
ಬಿತುಂಗ್ ಕಾರ್ಖಾನೆಯ ಮೀನಿನ ಡಬ್ಬಿ.
ಇದರ ನಡುವೆ ರಾಗಿಕಾಳಿನಷ್ಟು ಜೀವ ಹುಡುಕಿ
ಕಡ್ಡಿಯಲ್ಲಿ ತೋರಿಸುವುದು ನನ್ನ ಕಸುಬು.
ಇಪ್ಪತ್ತಾರು ವರ್ಷವಾಯಿತು.
ಫಾನ್ಲಿ ವೊವೊರ್ ಅಂದರೆ ಕಣ್ಣು, ಅನ್ನುತ್ತಿದ್ದರು.

ಗುಟ್ಟು ಹೇಳುತ್ತೇನೆ,
ನನಗೀಗ ಹತ್ತಿರದ್ದು ಕಾಣುವುದಿಲ್ಲ.
ದೂರದ್ದು ಸರಿ. ಬಂದರಿನ ಹಡಗುಗಳ ಹೆಸರು ಓದಬಲ್ಲೆ,
ದುವಾ ಸೌದಾರಾ ಬೆಟ್ಟದ ನೆತ್ತಿಯ ಮರ ಎಣಿಸಬಲ್ಲೆ.
ಕೈಯಳತೆಯೊಳಗೆ ಬಂದದ್ದೆಲ್ಲ
ಕಲಸಿಟ್ಟ ಗಂಜಿ.
ಅಂಗೈ ಹುಣ್ಣಿಗೂ ಕನ್ನಡಿ ಬೇಕಾದ ವಯಸ್ಸು.
ಭಾನುವಾರ ಚರ್ಚಿನಲ್ಲಿ ಕೀರ್ತನೆ ಪುಸ್ತಕ ಹಿಡಿದು
ಸರಿಯಾದ ಹೊತ್ತಿಗೆ ಹಾಳೆ ತಿರುವುತ್ತೇನೆ,
ಬಾಯಿಪಾಠದಿಂದ ಹಾಡುತ್ತೇನೆ.
ಮೈಸ್ಕೆಗೆ ಗೊತ್ತು. ಪುಸ್ತಕ ತಲೆಕೆಳಗಿದ್ದರೆ
ಮೊಣಕೈಯಲ್ಲಿ ತಿವಿಯುತ್ತಾಳೆ, ಅಷ್ಟೆ.

ನೀರಿನಲ್ಲೂ ಬಾಯಿಪಾಠವೇ.
ನಿನ್ನೆ ಇತ್ತಲ್ಲ, ಇವತ್ತೂ ಇದ್ದೀತು.

ಹೋದ ವಾರ ಲಿಬುಶೆ ಬಂದಳು.
ಅರವತ್ತೇಳು. ಸಮುದ್ರವೇ ಇಲ್ಲದ ದೇಶದಲ್ಲಿ
ಅಂಚೆ ಗುಮಾಸ್ತೆಯಾಗಿದ್ದವಳು.
ಕ್ಯಾಮೆರಾದ ಮೂತಿಗೆ ಎರಡು ಕ್ಲೋಸಪ್ ಮಸೂರ
ಒಂದರ ಮೇಲೊಂದು, ಊಟದ ಕ್ಯಾರಿಯರಿನ ಹಾಗೆ.
ನೀರಿಗಿಳಿದೊಡನೆ ಅವನ್ನು ಬಿಚ್ಚುತ್ತಾಳೆ,
ಸಂದಿಯಲ್ಲಿ ಸಿಕ್ಕ ಗುಳ್ಳೆಯನ್ನು
ಹೆಬ್ಬೆರಳಿಂದ ಸವರಿ ಓಡಿಸುತ್ತಾಳೆ,
ಹಾಲು ಕುಡಿದ ಕೂಸಿಗೆ ತೇಗು ಬರಿಸುವ ಹಾಗೆ.

ದೋಣಿಯಲ್ಲಿ ಕೇಳಿದ್ದೆ, ಎಷ್ಟು ದೊಡ್ಡದು ಮಾಡುತ್ತದೆ ಎಂದು.
ಏನನ್ನೂ ಮಾಡುವುದಿಲ್ಲ, ಅಂದಳು.
ಹತ್ತಿರ ಹೋಗಲು ಬಿಡುತ್ತದೆ,
ಸುಂಕಕ್ಕೆ ದೂರವನ್ನೆಲ್ಲ ಕಿತ್ತುಕೊಳ್ಳುತ್ತದೆ.
ಎರಡು ಬೆರಳಗಲದ ಆಚೆ ಲೋಕವಿಲ್ಲ.
ಈಚೆಗೂ ಸ್ಪಷ್ಟವಿರುವುದು
ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪದರ:
ಕಣ್ಣು ಸಿಕ್ಕಿತೋ, ಮೂತಿ ಹೋಯಿತು.

ಬೀಸಣಿಗೆ ಹವಳದಲ್ಲಿ ನಾನು ಅವಳಿಗೆ
ಅಕ್ಕಿಕಾಳುದ್ದದ ಕಡಲ್ಗುದುರೆ ತೋರಿಸಿದೆ.
ಇಪ್ಪತ್ತೆರಡು ನಿಮಿಷ ಅವಳು ಅಲ್ಲೇ ತೂಗಿದಳು,
ಉಸಿರೆಳೆದರೆ ಒಂದು ಕೂದಲು ಮೇಲೆ,
ಬಿಟ್ಟರೆ ಒಂದು ಕೂದಲು ಕೆಳಗೆ.
ನೂರ ಹನ್ನೆರಡು ಚಿತ್ರ.
ರಾತ್ರಿ ಪರದೆಯ ಮೇಲೆ ತೆರೆದರೆ
ಕುದುರೆ ಇಲ್ಲ.
ಕೆಂಪಗೆ ದುಂಡಗೆ ಹವಳದ ಒಂದು ಮೊಗ್ಗು,
ನೂರ ಹನ್ನೆರಡು ಸಲ.

ಅವಳು ಏನೂ ಅನ್ನಲಿಲ್ಲ.
ಶುಂಠಿ ಕಾಫಿ ಕೇಳಿದಳು.
ನಾನು ಲೆಕ್ಕದ ಚೀಟಿಯನ್ನು ತೋಳುದ್ದಕ್ಕೆ ಹಿಡಿದು ಓದಿದ್ದು
ನೋಡಿದಳೋ ಏನೋ.

ಮರುದಿನ ಹನ್ನೆರಡು ಮೀಟರಿನಲ್ಲಿ
ಮೇಲಿನ ಮಸೂರವನ್ನು ತಿರುಗಿಸಿ ಬಿಚ್ಚಿ
ನನ್ನ ಕೈಗಿಟ್ಟಳು.
ಹಿಡಿದುಕೋ ಅಂತ ಕೊಟ್ಟಳೆಂದು ಹಿಡಿದುಕೊಂಡೆ.
ಅವಳು ನನ್ನ ಮುಖವಾಡದ ಗಾಜಿಗೆ
ಬೆರಳಲ್ಲಿ ಕುಟ್ಟಿದಳು: ಇಲ್ಲಿ.

ಮೊದಲು ಕಂಡದ್ದು ನನ್ನದೇ ಹೆಬ್ಬೆರಳು.
ಅಪ್ಪನ ಗಾಳ ಹರಿದ ಗಾಯದ ಹೊಲಿಗೆ,
ಉಗುರಿನ ಸಂದಿಯ ಮರಳು, ಒಂದೊಂದು ಕಣವೂ ಬೇರೆ ಬೇರೆ.
ಆಮೇಲೆ ಬಾಟಲಿ. ಅದರ ಒಳಗೋಡೆಗೆ
ಗೋಬಿ ಮೀನಿನ ಮೊಟ್ಟೆ, ಸಾಲು ಸಾಲು,
ಪ್ರತಿಯೊಂದರೊಳಗೂ ಬೆಳ್ಳಿಯ ಎರಡು ಕಣ್ಣು.
ಇನ್ನೂ ಹುಟ್ಟಿಲ್ಲ,
ಆಗಲೇ ನೋಡುತ್ತಿವೆ.
ಅಪ್ಪ ಮೀನು ರೆಕ್ಕೆ ಬೀಸುತ್ತಿತ್ತು,
ಸೆಕೆಯಲ್ಲಿ ತೊಟ್ಟಿಲ ಪಕ್ಕ ಕೂತವನಂತೆ.

ಟಣ್ ಟಣ್ ಅಂತ ಯಾರೋ ಸಿಲಿಂಡರ್ ಬಡಿದರು.
ಇಪ್ಪತ್ತಾರು ವರ್ಷ ನಾನೇ ಬಡಿಯುತ್ತಿದ್ದದ್ದು,
ಯಾರಿಗೋ ಏನೋ ತೋರಿಸಲು.
ತಿರುಗಿದೆ. ಮಸೂರದೊಳಗೆ ಲಿಬುಶೆ ಬರೀ ನೀಲಿ ಹೊಗೆ.
ಇಳಿಸಿದ ಮೇಲೆ ಕಂಡಳು,
ಗಾಳಿ ಮುಗಿಯಿತು, ಮೇಲೆ ನಡಿ ಎಂದು ಕೈ ಮಾಡುತ್ತಿದ್ದಳು.

ದೋಣಿಯಲ್ಲಿ ತಲೆ ಒರೆಸಿಕೊಳ್ಳುತ್ತ ಅಂದೆ,
ಆ ಹವಳದ ಮೊಗ್ಗುಗಳನ್ನು ಅಳಿಸಿಬಿಡು.
ಯಾಕೆ, ಅಂದಳು.
ನೂರ ನಾಲ್ಕನೆಯದು ಚೆನ್ನಾಗಿ ಬಂದಿದೆ.